ಗಂಜಿ ತೆಗೆಯದ ಹಾಯಿ

ಬೆಳಗಾವಿಯ ನಮ್ಮ ಮನೆಯಲ್ಲಿ ಒಂದು ಸಂತೆಚೀಲ ಇದೆ. ನನ್ನ ಮದುವೆಗಿಂತ ಹಳೆಯದು. ಹೆಂಡತಿಗಿಂತ ಹೆಚ್ಚು ವರ್ಷ ನನ್ನ ಜೊತೆ ಬಾಳಿದ್ದು ಈ ಚೀಲವೇ ಎಂದು ಒಮ್ಮೆ ತಮಾಷೆಗೆ ಹೇಳಿ, ಎರಡು ದಿನ ರೊಟ್ಟಿಯ ಮುಖ ನೋಡದೆ ಬರೀ ಅನ್ನ-ಸಾರು ಉಂಡಿದ್ದೇನೆ. ಹುಟ್ಟುವಾಗ ಅದು ಬೆಳ್ಳಗಿತ್ತು. ಮೆಂತೆಪಲ್ಲೆಯ ಹಸಿರು, ಬೀಟ್‌ರೂಟಿನ ಕೆಂಪು, ಒಮ್ಮೆ ಒಳಗೇ ಒಡೆದ ಎಣ್ಣೆ ಬಾಟಲಿಯ ಜಿಡ್ಡು ಎಲ್ಲ ಕೂಡಿ ಈಗ ಅದರ ಬಣ್ಣಕ್ಕೆ ಹೆಸರಿಲ್ಲ. ಆದರೆ ಹರಿದಿಲ್ಲ. ಹತ್ತು ಕಿಲೋ ಬಟಾಟೆ ತುಂಬಿದರೂ ಹಿಡಿಕೆ ಜಗ್ಗುವುದಿಲ್ಲ. ಒಂದು ಬದಿಯ ಅಂಚಿನಲ್ಲಿ ಉದ್ದಕ್ಕೂ ಒಂದೇ ಒಂದು ಕೆಂಪು ಎಳೆ ಇದೆ.

"ಇದನ್ನ ಹಿಡಕೊಂಡು ಸದಾಶಿವನಗರದಾಗ ಅಡ್ಡಾಡಬ್ಯಾಡ್ರಿ. ಮಂದಿ ಏನಂದಾರು?" ಎಂದು ಹೆಂಡತಿ ಮೊನ್ನೆಯೂ ಅಂದಳು.

ಮಂದಿ ಏನಂದಾರು! ಈ ಎರಡು ಮಾತಿಗೆ ನನ್ನ ಹರೆಯದ ಅರ್ಧ ಆಯುಷ್ಯವನ್ನು ನಾನು ಧಾರೆ ಎರೆದಿದ್ದೇನೆ. ಅದನ್ನು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ನೀವು ನಮ್ಮ ಮನೆಗೆ ಬಂದು ಚಹಾ ಕುಡಿಯುವಾಗ ಅವಳ ಮುಂದೆ ಬಾಯಿ ಬಿಡದಿದ್ದರೆ ಸಾಕು.

ಆ ಚೀಲ ಒಂದು ಹಾಯಿಯ ತುಂಡು. ದೋಣಿಗೆ ಕಟ್ಟುತ್ತಾರಲ್ಲ, ಗಾಳಿ ತುಂಬಿಕೊಳ್ಳುವ ಹಾಯಿ, ಅದೇ. ಬೆಳಗಾವಿಗೂ ಹಾಯಿದೋಣಿಗೂ ಏನು ಸಂಬಂಧ ಎಂದು ನೀವು ಹುಬ್ಬೇರಿಸುವುದು ನನಗೆ ಕಾಣುತ್ತಿದೆ. ನಮ್ಮಲ್ಲಿ ಕೋಟೆಯ ಕೆರೆ ಬಿಟ್ಟರೆ ಮಳೆಗಾಲದಲ್ಲಿ ಗುಂಡಿ ಬಿದ್ದ ರಸ್ತೆಗಳೇ ಜಲಮಾರ್ಗ. ಆದರೂ ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಹಾಯಿದೋಣಿ ಘಟ್ಟ ಹತ್ತಿ ಲಾರಿಯಲ್ಲಿ ನಮ್ಮ ಕಡೆಗೆ ಬಂದಿತ್ತು. ತಂದವರು ಇನಾಮದಾರ ಸಾಹೇಬರು.

ಸಾಹೇಬರಿಗೆ ಉದ್ಯಮಬಾಗದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ಇತ್ತು. ಡಿಪ್ಲೊಮಾ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಅಲ್ಲೇ. ಅದಕ್ಕೂ ಮೊದಲು ಸಾಹೇಬರು ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವರು. ಅರವತ್ತು ದಾಟಿತ್ತು. ಹೆಂಡತಿ ತೀರಿಹೋಗಿದ್ದರು. ಊಟಕ್ಕೆ ಕೂತಾಗಲೂ ಮಾತಿನ ಮಧ್ಯೆ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು, ಎಲ್ಲಿ ಜಾರಿ ಹೋಗುತ್ತದೋ ಎನ್ನುವ ಹಾಗೆ.

"ಈರಣ್ಣ, ಮೂವತ್ತು ವರ್ಷ ನಾ ಸಮುದ್ರದಾಗ ಇದ್ನಿ. ಆದ್ರ ಸಮುದ್ರ ನೋಡಿಲ್ಲ," ಎಂದು ಒಂದು ದಿನ ಅವರು ನನಗೆ ಹೇಳಿದರು. "ಎಂಜಿನ್ ಇರೂದು ಹಡಗಿನ ತಳದಾಗ. ಮ್ಯಾಲೆ ಬಂದಾಗ ಒಂದೋ ಕತ್ತಲಿ, ಇಲ್ಲಾ ನಿದ್ದಿ. ಇದಽ ಕಾರವಾರ, ಇದಽ ಹೊನ್ನಾವರ ಅಂತ ಬಾಜೂಕಿನವರು ಹೇಳಿದ್ದು ಕೇಳೇನಿ ಅಷ್ಟಽ. ಒಮ್ಮೆ ಚಳಿಗಾಲದಾಗ ಕಾರವಾರದಿಂದ ಕೊಚ್ಚಿತನಕ, ದಂಡಿ ಹಿಡಕೊಂಡು, ಸಾವಕಾಶ ಹೋಗಬೇಕು. ಎಂಜಿನ್ ಬ್ಯಾಡ. ಎಂಜಿನ್ ಸಪ್ಪಳಾ ಸಾಕಾಗೇತಿ."

ಅದಕ್ಕಾಗಿ ಅವರು ಕಾರವಾರದಲ್ಲಿ ಯಾರೋ ಮೂಲೆಗೆ ಬಿಟ್ಟಿದ್ದ ಹಳೆಯ ದೋಣಿಯೊಂದನ್ನು ಕೊಂಡು, ಖಾನಾಪುರದ ಒಂದು ಕಟ್ಟಿಗೆ ಅಡ್ಡೆಯ ಛಾವಣಿಯ ಕೆಳಗೆ ತಂದು ನಿಲ್ಲಿಸಿದರು. ಖಾನಾಪುರದಲ್ಲೇ ಏಕೆಂದರೆ ಅಲ್ಲಿ ಒಳ್ಳೆ ಸಾಗುವಾನಿಯೂ ಇತ್ತು, ವಿಠೋಬಾ ಸುತಾರ ಎಂಬ ಒಳ್ಳೆ ಬಡಗಿಯೂ ಇದ್ದ. ವಿಠೋಬಾ ಜನ್ಮದಲ್ಲಿ ಸಮುದ್ರ ಕಂಡವನಲ್ಲ. ದೋಣಿಯ ಸುತ್ತ ಎರಡು ಸುತ್ತು ಹಾಕಿ, ಬೀಡಿ ಹಚ್ಚಿ, "ಹೇ ತರ್ ಉಲಟಾ ಘರ್ ಆಹೇ, ಸಾಯಬ್. ಮನೀ ಛಾವಣಿ ತಿರುವಿ ಇಟ್ಟಂಗ ಐತಿ. ಮಾಡೂಣು," ಎಂದ. ಅವನಿಗೆ ಗೊತ್ತಿದ್ದದ್ದು ಛಾವಣಿಯ ಕೆಲಸ. ನೀರು ಒಳಗೆ ಬರಬಾರದು ಎನ್ನುವುದು ಎರಡಕ್ಕೂ ಒಂದೇ ತಾನೇ.

ಆ ಬೇಸಿಗೆಯ ಪ್ರತಿ ರವಿವಾರ ನಾನೂ ಸಾಹೇಬರ ಜೊತೆ ಖಾನಾಪುರಕ್ಕೆ ಹೋಗುತ್ತಿದ್ದೆ. ಹಳೆಯ ಬಣ್ಣ ಕೆರೆಯುವುದು ನನ್ನ ಪಾಲಿನ ಕೆಲಸ. ಒಳಗಿನಿಂದ ನೀಲಿ ಬಂತು, ನೀಲಿಯೊಳಗಿನಿಂದ ಹಸಿರು, ಹಸಿರಿನೊಳಗಿನಿಂದ ಮತ್ತೆ ನೀಲಿ. ಹಲಗೆಗಳ ಸಂದಿಗೆ ವಿಠೋಬಾ ಹತ್ತಿಯ ಬತ್ತಿ ಹೊಸೆದು ತುರುಕಿ, ಮೇಲೆ ರಾಳ ಕಾಸಿ ಬಳಿದ. ಸವೆದ ಮೊಳೆಗಳ ಜಾಗಕ್ಕೆ ನಾವು ಉದ್ಯಮಬಾಗದಲ್ಲಿ ಹಿತ್ತಾಳೆಯವನ್ನು ಎರಕ ಹೊಯ್ದು ಒಯ್ದೆವು. ಬಿಸಿಲಿಗೆ ಹಲಗೆ ಒಣಗಿ ಬಿರಿಯಬಾರದೆಂದು ಗೋಣಿತಟ್ಟು ಹೊದಿಸಿ ದಿನಾ ನೀರು ಹೊಡೆಸುತ್ತಿದ್ದರು. ಬಾಣಂತಿಗೆ ಮಾಡುವ ಆರೈಕೆ ಅದು. ಸಂತೆಗೆ ಬಂದವರು ನಿಂತು ನೋಡಿ, ಇಲ್ಲಿಂದ ಹೊಳೆಯಲ್ಲಿ ಬಿಟ್ಟರೆ ಇದು ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ಮರಾಠಿಯಲ್ಲೂ ಕನ್ನಡದಲ್ಲೂ ವಾದ ಮಾಡುತ್ತಿದ್ದರು. ಮಲಪ್ರಭೆ ಹರಿಯುವುದು ಮೂಡಣಕ್ಕೆ, ನಮ್ಮ ಸಮುದ್ರ ಇರುವುದು ಪಡುವಣಕ್ಕೆ; ಇದನ್ನು ಸಾಹೇಬರು ಬೇಸರವಿಲ್ಲದೆ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದರು. ಕೊನೆಗೆ ದೋಣಿಯ ಹಿಂಬದಿಗೆ ದೊಡ್ಡ ಅಕ್ಷರದಲ್ಲಿ 'ಬೆಳಗಾವಿ' ಎಂದು ಬರೆಸಿದರು. ಕಾರವಾರದ ಬಂದರಿನವರು ನಕ್ಕರೆ ನಗಲಿ ಎಂದು ಅವರ ಹಟ.

ಎಲ್ಲ ಆಯಿತು, ಹಾಯಿ ಉಳಿಯಿತು. ಹಳೆಯದು ಜಾಳುಜಾಳಾಗಿತ್ತು. ವಿದೇಶಿ ಬಟ್ಟೆ ತರಿಸುವುದು ಆಗ ಆಗದ ಮಾತು. ಪೇಟೆಯಲ್ಲಿ ಸಿಗುವ, ಲಾರಿಗೆ ಹೊದಿಸುವ ತಾಡಪತ್ರಿ ಭಾರ ಹೆಚ್ಚು.

"ಹಗುರ ಇರಬೇಕು, ಗಾಳಿ ಸೋಸಬಾರದು. ಅಂಥಾ ಹತ್ತಿ ಅರಿವಿ ಎಲ್ಲಿ ಸಿಗತೈತೋ ಈರಣ್ಣ?" ಎಂದು ಸಾಹೇಬರು ಕೇಳಿದರು.

ಇಲ್ಲಿಗೆ ನನ್ನ ನಾಚಿಕೆಯ ಕಥೆ ಶುರು.

ಅಂಥ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ನಾನು ವಡಗಾವಿಯ ನೇಕಾರನ ಮಗ. ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳವಿಲ್ಲದೆ ಮಕ್ಕಳಿಗೆ ನಿದ್ದೆ ಬರುತ್ತಿರಲಿಲ್ಲ. ಅಕ್ಕಪಕ್ಕದವರೆಲ್ಲ ಕರೆಂಟಿನ ಮಗ್ಗ ಹಾಕಿದರೂ ನನ್ನಪ್ಪ ಬಸಲಿಂಗಪ್ಪ ಮಾತ್ರ ನೆಲದಲ್ಲಿ ತೋಡಿದ ಕುಣಿಮಗ್ಗದಲ್ಲೇ ಕೂತಿದ್ದ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ ಕುಣಿಗೆ ಇಳಿದರೆ ಮಧ್ಯಾಹ್ನ ಅವ್ವ ಕರೆದಾಗಲೇ ಮೇಲೆ ಬರುವುದು. ಅವನು ನೇಯ್ದ ಬಟ್ಟೆಯ ಅಂಚಿನಲ್ಲಿ ಒಂದು ಕೆಂಪು ಎಳೆ ಇರುತ್ತಿತ್ತು. ಅದು ಅವನ ಗುರುತು. ಓದು ಬರಹ ಬರದ ಮನುಷ್ಯ ತನ್ನ ಹೆಸರು ಹಾಕುತ್ತಿದ್ದದ್ದು ಹಾಗೆ.

ಮತ್ತೆ ನಾನು? ಕೆಲಸಕ್ಕೆ ಹೊರಡುವ ಮೊದಲು ಕನ್ನಡಿಯ ಮುಂದೆ ನಿಂತು ತಲೆಯಿಂದ, ಭುಜದಿಂದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸುತ್ತಿದ್ದೆ. ಅಂಗಿಗೆ ಹುಳಿಗಂಜಿಯ ವಾಸನೆ ಹತ್ತಿದೆಯೆಂದು ಪೌಡರು ಸುರಿದುಕೊಳ್ಳುತ್ತಿದ್ದೆ. ಎಷ್ಟೆಂದರೆ ಒಮ್ಮೆ ಬಸ್ಸಿನಲ್ಲಿ ಒಬ್ಬ ಅಜ್ಜಿ, "ಯಾವ ನಾಟಕ ಕಂಪನಿಯಾಗ ಅದೀಯೋ ತಮ್ಮಾ?" ಎಂದು ಕೇಳಿದ್ದಳು. ಕಾರ್ಖಾನೆಯಲ್ಲಿ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ "ಇಲ್ಲೇ, ಟಿಳಕವಾಡಿ ಬಾಜು" ಎಂದು ದೊಡ್ಡವರ ಬಡಾವಣೆಯ ಹೆಸರು ಹೇಳುತ್ತಿದ್ದೆ. ಬಾಜು ಎನ್ನುವ ಶಬ್ದದಲ್ಲಿ ಎಷ್ಟು ದೂರ ಬೇಕಾದರೂ ಹಿಡಿಸುತ್ತದೆ.

"ಇಚಲಕರಂಜಿ ಕಡೆ ಒಂದು ಮಿಲ್ಲಿನವರ ಪರಿಚಯ ಐತ್ರಿ. ತರಸ್ತೀನಿ," ಎಂದುಬಿಟ್ಟೆ.

ಅಪ್ಪನಿಗೆ ಮಾತ್ರ ನಿಜ ಹೇಳಿದೆ, ಹಾಯಿಗೆ ಎಂದು. ಅವನು ಒಂದು ದಿನವೆಲ್ಲ ನೂಲು ಮುಟ್ಟದೆ ಯೋಚಿಸಿದ. "ಗಾಳಿ ಹಿಡಿಯೂ ಅರಿವಿ," ಎಂದು ತನ್ನಷ್ಟಕ್ಕೇ ಎರಡು ಸಲ ಹೇಳಿಕೊಂಡ. ಆಮೇಲೆ, ಬಡಿತಕ್ಕೆ ಎಳೆ ಕಡಿಯಬಾರದೆಂದು ಹಾಸಿನ ನೂಲಿಗೆ ಎರಡು ಪಟ್ಟು ಗಂಜಿ ಉಣಿಸಿದ. ಹೊಕ್ಕನ್ನು ಎಷ್ಟು ಬಿಗಿಯಾಗಿ ಬಡಿದನೆಂದರೆ ಸಂಜೆ ಅವನ ಭುಜಕ್ಕೆ ಅವ್ವ ಎಣ್ಣೆ ತಿಕ್ಕಬೇಕಾಯಿತು. ತಿಂಗಳೊಪ್ಪತ್ತಿನಲ್ಲಿ ಬಟ್ಟೆ ಮಗ್ಗದಿಂದ ಇಳಿಯಿತು. ಬೆರಳಿನಿಂದ ಬಡಿದರೆ ತಗಡಿನ ಹಾಗೆ ಸಪ್ಪಳ.

"ಇದನ್ನ ಹೊಲಿಯೂಕಿಂತ ಮೊದಲ ಮೂರು ದಿನ ನೀರಾಗ ನೆನಸಿ, ಬಡದು, ಗಂಜಿ ತೆಗೀಬೇಕು," ಎಂದ ಅಪ್ಪ. "ಗಂಜಿ ಉಳೀತೋ, ಮಳಿಗಾಲದಾಗ ಬೂಸ್ಟು ಹಿಡದು ಅರಿವಿ ಸತ್ತು ಹೋಗತೈತಿ. ಇಲಿ ಬ್ಯಾರೆ. ಬೇಕಾದ್ರ ನಾನಽ ತೊಳದು ಕೊಡ್ತೀನಿ ತಡಿ."

"ಬ್ಯಾಡಪ್ಪಾ. ತೊಳದರ ಹಳೇ ಅರಿವಿ ಕಂಡಂಗ ಕಾಣತೈತಿ. ಅವರಽ ತೊಳಕೋತಾರ, ನಾ ಹೇಳ್ತೀನಿ," ಎಂದೆ. ಮಿಲ್ಲಿನ ಬಟ್ಟೆ ಗರಿಗರಿಯಾಗಿ ಮಡಿಕೆ ಮುರಿಯದೆ ಬರಬೇಕಲ್ಲ. ನನ್ನ ಚಿಂತೆ ಅದು.

ಸಾಹೇಬರು ಬಟ್ಟೆ ನೋಡಿ ಹಿಗ್ಗಿದರು. "ಏನು ಕಡಕ್ ಐತೋ! ಇಂಥಾ ಅರಿವಿ ಈಗೂ ಮಾಡ್ತಾರೇನು?" ಎಂದು ಕೆನ್ನೆಗೆ ಒತ್ತಿಕೊಂಡರು. ಗಂಜಿ ತೆಗೆಯಬೇಕು ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಏನು? ಮಿಲ್ಲಿನ ಬಟ್ಟೆಗೆ ಗಂಜಿ ಯಾಕೆ, ನಿನಗೆ ಹೇಳಿದವರು ಯಾರು? ಅವರು ಬಟ್ಟೆಯ ಗಟ್ಟಿತನವನ್ನೇ ಮೆಚ್ಚುತ್ತಿರುವಾಗ ಅದನ್ನು ತೊಳೆದುಬಿಡಿ ಎನ್ನುವುದು ಹೇಗೆ? ನಾಳೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಖಾನಾಪುರದ ತಾಡಪತ್ರಿ ಹೊಲಿಯುವವ ಅದನ್ನು ಹಾಯಿಯಾಗಿ ಹೊಲಿದೇಬಿಟ್ಟ. ಮಳೆ ಶುರುವಾಯಿತು. ಹಾಯಿಯನ್ನು ಗೋಣಿಯಲ್ಲಿ ಸುತ್ತಿ ಅಡ್ಡೆಯ ಅಟ್ಟದ ಮೇಲೆ ಇಟ್ಟರು.

"ಗಂಜಿ ತೆಗೀರಿ ಅಂತ ಹೇಳಿದೇನು?" ಎಂದು ಅಪ್ಪ ಒಂದು ದಿನ ಊಟದಲ್ಲಿ ಕೇಳಿದ.

"ಹೇಳೇನಿ," ಎಂದೆ.

ಖಾನಾಪುರದ ಮಳೆ ನಿಮಗೆ ಗೊತ್ತಿದ್ದದ್ದೇ. ಆ ನಾಲ್ಕು ತಿಂಗಳು ಅಲ್ಲಿ ಬೆಂಕಿಕಡ್ಡಿ ಕೂಡ ಹತ್ತುವ ಮೊದಲು ಎರಡು ಸಲ ಯೋಚಿಸುತ್ತದೆ. ದೀಪಾವಳಿ ಕಳೆದ ಮೇಲೆ ಹಲಗೆ ಉಬ್ಬಿ ಸಂದಿ ಮುಚ್ಚಿಕೊಳ್ಳಲಿ ಎಂದು ದೋಣಿಯನ್ನು ಮಲಪ್ರಭೆಯಲ್ಲಿ ಇಳಿಸಿದೆವು. ಒಂದು ಹನಿ ನೀರು ಒಳಗೆ ಬರಲಿಲ್ಲ. ವಿಠೋಬಾ ತೆಂಗಿನಕಾಯಿ ಒಡೆದ. ಸಾಹೇಬರ ಹೃದಯ ಸರಿ ಇರಲಿಲ್ಲ. ಹೋಗುವುದಾದರೆ ಈ ವರ್ಷ ಹೋಗಿಬನ್ನಿ, ಮುಂದಿನ ವರ್ಷದ ಮಾತು ನಾನು ಆಡಲಾರೆ ಎಂದು ಡಾಕ್ಟರು ಹೇಳಿದ್ದರು. ಆದರೆ ಅವತ್ತು ಅವರು ಹೊಳೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿದರು. "ಹಾಯಿ ತರ್ರಿ!" ಎಂದು ಕೂಗಿದರು.

ಗೋಣಿ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಮನೆಯಲ್ಲಿ ನಾನು ಪೌಡರು ಹಾಕಿ ಓಡಿಸುತ್ತಿದ್ದ ಅದೇ ವಾಸನೆ, ಕೊಳೆತು ಹತ್ತು ಪಟ್ಟಾಗಿ. ಬಟ್ಟೆಯ ತುಂಬ ಕಪ್ಪು ಬೂಸ್ಟು. ಮಡಿಕೆಗಳ ನಡುವೆ ಇಲಿ ಮರಿ ಹಾಕಿತ್ತು. ವಿಠೋಬಾ ಒಂದು ತುದಿ ಹಿಡಿದು ಎಳೆದ. ನೆನೆದ ಹಪ್ಪಳದಂತೆ ಕೈಗೆ ಬಂತು. ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ಮೂಗು ಮುಚ್ಚಿಕೊಂಡು, "ಅಯ್ಯಯ್ಯ, ಗಂಜಿ ವಾಸನಿ! ಯಾವ ಪುಣ್ಯಾತ್ಮ ಗಂಜಿ ತೆಗೀದಽ ಹೊಲಿಸ್ಯಾನ್ರಿ ಇದನ್ನ?" ಎಂದಳು.

ಪುಣ್ಯಾತ್ಮ ಅವಳಿಂದ ನಾಲ್ಕು ಮಾರು ದೂರದಲ್ಲೇ ನಿಂತಿದ್ದ. ಸಾಹೇಬರು ಮೆಟ್ಟಿಲ ಮೇಲೆ ಕೂತು, ದೋಣಿಯನ್ನು ನೋಡುತ್ತ, "ಈ ವರ್ಷ ಹ್ವಾದಂಗಽ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗುವಾಗ ಹಾಯಿಯಲ್ಲಿ ಗಟ್ಟಿ ಉಳಿದಿದ್ದ ಅಂಚಿನ ಒಂದು ತುಂಡನ್ನು ಹರಿದು ಜೇಬಿಗೆ ಹಾಕಿಕೊಂಡರು. ಯಾಕೆಂದು ನನಗೆ ಹೊಳೆಯಲಿಲ್ಲ.

ಮುಂದಿನ ರವಿವಾರ ಮನೆಯಲ್ಲಿ ನಾನು ಬರೀ ಬನಿಯನ್‌ನಲ್ಲಿ ಕೂತು ಅಪ್ಪನ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದೆ. ತಲೆತುಂಬ ಹತ್ತಿಯ ಎಳೆ. ಬಾಗಿಲಲ್ಲಿ ನೆರಳು ಬಿತ್ತು. ಸಾಹೇಬರು! ಕೆಂಪು ಎಳೆಯ ತುಂಡನ್ನು ಖಡೇಬಜಾರಿನ ಒಬ್ಬ ಅರಿವೆ ವ್ಯಾಪಾರಿಗೆ ತೋರಿಸಿದ್ದರಂತೆ. ಇದು ವಡಗಾವಿ ಬಸಲಿಂಗಪ್ಪನ ಕೈ ಎಂದು ಅವನು ನೋಡಿದ ಕೂಡಲೇ ಹೇಳಿದ್ದನಂತೆ.

ಸಾಹೇಬರು ನನ್ನನ್ನು ನೋಡಿದರು. ಮಗ್ಗವನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. "ಈರಣ್ಣ, ಇಚಲಕರಂಜಿ ಮಿಲ್ಲಿಂದು ಅಂದಿದ್ದೆಲ್ಲೋ?"

ಅಪ್ಪ ಕುಣಿಯಿಂದ ಮೇಲೆ ಬಂದ. ಅವನ ಕಣ್ಣು ಒಂದೇ ಸಲ ನನ್ನ ಮೇಲೆ ಬಂದು ಹೋಯಿತು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಎಲ್ಲ ಗೊತ್ತಾಯಿತು ಎನ್ನುವುದು ಮಾತ್ರ ಇತ್ತು.

"ಬರ್ರಿ ಸಾಹೇಬ್ರ, ಕುಂದರ್ರಿ," ಎಂದು ಚಾಪೆ ಹಾಸಿದ. "ಹುಡುಗ ಖರೇನಽ ಹೇಳ್ಯಾನ್ರಿ. ನೂಲು ಇಚಲಕರಂಜೀದು. ನೇಯ್ದಾವ ನಾ."

"ಹಾಯಿ ಕೊಳತು ಹೋತ್ರಿ, ಬಸಲಿಂಗಪ್ಪನವರ. ಗಂಜಿ ತೆಗೀಬೇಕಿತ್ತಂತ. ಯಾರೂ ಹೇಳಲಿಲ್ಲ ನಮಗ."

ನೇಯ್ಗೆಯಲ್ಲಿ ಒಂದು ಎಳೆ ತಪ್ಪಿದೆ ಎಂದು ಯಾವ ವ್ಯಾಪಾರಿಯ ಬಾಯಲ್ಲೂ ಅನ್ನಿಸಿಕೊಂಡು ಸುಮ್ಮನಿರದ ಮನುಷ್ಯ ಅಪ್ಪ. ಹಾಗೆ ಅಂದವನನ್ನು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿದ್ದನ್ನು ನಾನೇ ಕಂಡಿದ್ದೇನೆ. ಅವನು ಕೈ ಮುಗಿದ.

"ನಂದಽ ತಪ್ಪು ಸಾಹೇಬ್ರ. ಹೇಳೂದು ಮರತ್ನಿ. ವಯಸ್ಸಾತು ನೋಡ್ರಿ. ಒಂದು ತಿಂಗಳ ಕೊಡ್ರಿ ನನಗ. ಇನ್ನೊಂದು ನೇಯ್ತೀನಿ, ನಾನಽ ತೊಳದು ಕೊಡ್ತೀನಿ. ಶಿವರಾತ್ರಿಯೊಳಗ ನೀವು ಸಮುದ್ರದ ಮ್ಯಾಲೆ ಇರ್ತೀರಿ."

ಇಲ್ಲ, ಮರೆತವನು ಅವನಲ್ಲ, ನಾನು ಹೇಳಲಿಲ್ಲ. ನಾನು ಹೇಳಬೇಕಾಗಿದ್ದದ್ದು ಇಷ್ಟೇ ಮಾತು. ಎದ್ದು ನಿಂತು ಹೇಳಲು ಒಂದು ಉಸಿರು ಸಾಕಾಗಿತ್ತು. ನಾನು ತಲೆ ತಗ್ಗಿಸಿ ಕಂಡಿಕೆ ಸುತ್ತುತ್ತ ಕೂತೆ. ಅವ್ವ ಕಪ್ಪು-ಬಸಿಯಲ್ಲಿ ಚಹಾ ತಂದಳು. ಸಾಹೇಬರು ಬಸಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕುಡಿದು ಎದ್ದರು.

ಅಪ್ಪ ಹೇಳಿದಂತೆ ನೇಯ್ದ. ಅವನು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬಟ್ಟೆ ತೊಳೆಯುವ ದಿನ ಮಾತ್ರ "ಬಾ, ಒಂದು ತುದಿ ಹಿಡಿ" ಎಂದ. ಬಾವಿಯ ಕಟ್ಟೆಯ ಹತ್ತಿರ ಮೂರು ದಿನ ನೆನೆಸಿ, ಬಡಿದು, ಹಿಂಡಿದೆವು. ನೀರು ಬೆಳ್ಳಗೆ ಹರಿದುಹೋಗುತ್ತಿತ್ತು. ಒಣಗಿದ ಮೇಲೆ ಆ ಬಟ್ಟೆಗೆ ಸಪ್ಪಳವಿರಲಿಲ್ಲ. ಮೆತ್ತಗೆ, ಗಟ್ಟಿ. ಉಳಿದ ತುಂಡಿನಲ್ಲಿ ಅವ್ವನಿಗೆ ಒಂದು ಚೀಲ ಹೊಲಿಸಿದ.

ದೋಣಿ ಲಾರಿ ಹತ್ತಿ ಕಾರವಾರಕ್ಕೆ ಹೋಯಿತು. ಬೀಳ್ಕೊಡಲು ಸಾಹೇಬರು ಅಪ್ಪನನ್ನೂ ಕರೆಸಿಕೊಂಡರು. ಅಪ್ಪ ಸಮುದ್ರ ನೋಡಿದ್ದು ಅದೇ ಮೊದಲು. ನೋಡಿದ್ದು ಎಂದರೆ ತಪ್ಪಾದೀತು. ಅವನು ನೋಡಿದ್ದು ಹಾಯಿಯನ್ನು. ಸಾಹೇಬರೂ ಜೊತೆಗೆ ಹೊರಟಿದ್ದ ಇಬ್ಬರು ಮೀನುಗಾರರೂ ಹಾಯಿ ಏರಿಸಿದಾಗ ಅದು ಒಮ್ಮೆ ಪಟಪಟ ಬಡಿದುಕೊಂಡು ಆಮೇಲೆ ತುಂಬಿ ನಿಂತಿತು. ಅಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು, ಅದು ಬಿಳಿ ಚುಕ್ಕೆಯಾಗುವವರೆಗೂ ನಿಂತಿದ್ದ. "ಎಲ್ಲೂ ಸೋಸವಲ್ದು," ಎಂದ.

ಶಿವರಾತ್ರಿ ಕಳೆದು ಕೊಚ್ಚಿಯಿಂದ ಒಂದು ಕಾರ್ಡು ಬಂತು. ನನ್ನ ಹೆಸರಿಗಲ್ಲ, ಅಪ್ಪನ ಹೆಸರಿಗೆ. ನಾನು ಸಂಜೆ ಕೆಲಸದಿಂದ ಬಂದಾಗ ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು, "ಓದು," ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತ. ನಾನು ಜೋರಾಗಿ ಓದಿದೆ. ಸಾಹೇಬರು ಬರೆದಿದ್ದರು: ಹೊನ್ನಾವರ ಕಂಡೆ, ಮುರ್ಡೇಶ್ವರ ಕಂಡೆ, ಮಲ್ಪೆಯ ನಡುಗಡ್ಡೆಗಳನ್ನು ಕಂಡೆ. ಬೆಳಿಗ್ಗೆ ದಂಡೆಯಿಂದ ಬರುವ ಗಾಳಿಯಲ್ಲಿ ಮಲ್ಲಿಗೆಯ ವಾಸನೆ ಇರುತ್ತದೆಂದು ಮೂವತ್ತು ವರ್ಷ ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಬಟ್ಟೆಯ ಒಂದು ಎಳೆಯೂ ಜಗ್ಗಿಲ್ಲ. ಮುಂದಿನ ಸಾಲು ಹೀಗಿತ್ತು: 'ಗಂಜಿ ತೆಗೆಯಲು ಹೇಳುವುದನ್ನು ಮರೆತವರು ನೀವಲ್ಲವೆಂದು ನನಗೆ ಅಂದೇ ತಿಳಿದಿತ್ತು. ಹುಡುಗನನ್ನು ಬೈಯಬೇಡಿ.'

ನಾನು ಆ ಸಾಲು ಓದಲಿಲ್ಲ. ಅದನ್ನು ದಾಟಿ, 'ಇಂತಿ ನಮಸ್ಕಾರಗಳು' ಎಂಬಲ್ಲಿಗೆ ಹೋದೆ.

"ಇಷ್ಟಽ ಏನು?" ಎಂದ ಅಪ್ಪ, ಕಣ್ಣು ತೆರೆಯದೆ.

"ಇಷ್ಟಽ ಅಪ್ಪಾ."

ಅವನು ಕಣ್ಣು ತೆರೆದು, ಕೈ ಚಾಚಿ ಕಾರ್ಡು ತೆಗೆದುಕೊಂಡ. "ಚಲೋ ಓದತೀ," ಎಂದು ಎದ್ದು, ಅದನ್ನು ವಿಭೂತಿಯ ಗೂಡಿನಲ್ಲಿಟ್ಟ.

ಸಾಹೇಬರು ಮರಳಿ ಬಂದರು. ಆಮೇಲೆ ಎರಡು ವರ್ಷ ಬದುಕಿದ್ದರು. ಅವರೂ ನನ್ನನ್ನು ಏನೂ ಕೇಳಲಿಲ್ಲ. ಎಂಬತ್ತರ ದಶಕದ ನಡುವೆ ಅಪ್ಪ ಲಿಂಗೈಕ್ಯನಾದ. ಅವನು ಹೋಗಿ ವರ್ಷ ತುಂಬಿದಾಗ ಊಟಕ್ಕೆ ಬಂದವರಲ್ಲಿ ನಮ್ಮ ಓಣಿಯ ಟಪಾಲಿನ ಮಲ್ಲೇಶಿಯೂ ಇದ್ದ. ಓದು ಬಾರದವರ ಮನೆಯಲ್ಲಿ ಪತ್ರ ಕೊಟ್ಟು, ಅಲ್ಲೇ ನಿಂತು ಓದಿ ಹೇಳಿ ಮುಂದೆ ಹೋಗುವುದು ಅವನ ವಾಡಿಕೆ. ಕೈ ತೊಳೆಯುತ್ತ ಮಲ್ಲೇಶಿ ಹಳೆಯದೆಲ್ಲ ನೆನೆಸಿಕೊಂಡ.

"ನಿಮ್ಮಪ್ಪಗ ಒಂದಽ ಒಂದು ಕಾರ್ಡು ಬಂದಿತ್ತು ನೋಡ್ರಿ, ಕೊಚ್ಚಿಯಿಂದ. ಮುಂಜಾನೆ ನಾನಽ ಓದಿ ಹೇಳಿದ್ನಿ. ಕಡೀ ಸಾಲು ಇನ್ನೊಮ್ಮೆ ಓದು ಅಂದಾ. ಓದಿದ್ನಿ. ಯಾಕೋ ಕಣ್ಣಾಗ ನೀರು ತಂದಾ. 'ಸಂಜೀಕ ಮಗ ಬರ್ತಾನ, ಅಂವಾ ಓದಿ ಹೇಳ್ತಾನ' ಅಂದಾ. ಮತ್ಯಾಕಪ್ಪಾ, ನಾ ಓದೇನೆಲ್ಲಾ ಅಂದ್ನಿ. 'ಅಂವಾ ಓದೂದು ಬ್ಯಾರೆ' ಅಂದಾ."

ನೋಡಿ, ಆ ಸಂಜೆ ಅಪ್ಪ ಕಣ್ಣು ಮುಚ್ಚಿ ಕೂತದ್ದು ಕಾರ್ಡು ಕೇಳಲಿಕ್ಕಲ್ಲ. ನಾನು ಆ ಸಾಲಿನಲ್ಲಿ ನಿಲ್ಲುತ್ತೇನೋ ಇಲ್ಲವೋ ಎಂದು ಕಾದಿದ್ದ. ಊಟದಲ್ಲಿ ಕೇಳಿದಾಗ ಒಮ್ಮೆ, ಸಾಹೇಬರ ಮುಂದೆ ಕೈ ಮುಗಿದಾಗ ಒಮ್ಮೆ, ಈಗ ಮೂರನೆಯ ಸಲ ನನಗೊಂದು ಅವಕಾಶ ಕೊಟ್ಟಿದ್ದ. ಇದನ್ನು ನೆನೆದಾಗ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತದೆ, ಒಬ್ಬನೇ ಇದ್ದರೂ ಮುಖ ಎಲ್ಲಿ ಇಡಬೇಕೋ ತಿಳಿಯುವುದಿಲ್ಲ.

ಹೆಂಡತಿ ಏನೇ ಅನ್ನಲಿ, ಸಂತೆಗೆ ನಾನು ಆ ಚೀಲವನ್ನೇ ಒಯ್ಯುತ್ತೇನೆ. ಎಷ್ಟು ಗಟ್ಟಿ ಐತ್ರಿ ಅರಿವಿ ಎಂದು ಯಾರಾದರೂ ಅಂದರೆ, "ನಮ್ಮಪ್ಪ ನೇಯ್ದದ್ದು. ವಡಗಾವ್ಯಾಗ. ನಾವು ನೇಕಾರರು," ಎನ್ನುತ್ತೇನೆ. ಅನ್ನದಿದ್ದರೂ ಹೇಳುತ್ತೇನೆ. ಕಾಯಿಪಲ್ಲೆ ಮಾರುವವರಿಗೆಲ್ಲ ಕೇಳಿ ಕೇಳಿ ಸಾಕಾಗಿದೆ. ಕೇಳಬೇಕಾಗಿದ್ದವರು ಇಬ್ಬರು. ಅವರು ಇಬ್ಬರೂ ಈಗ ಇಲ್ಲ.